ಬಿಳಿ ಕೋಟು, ಬಿಳಿ ಬಟ್ಟೆ

(ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್. ಮೇ ತಿಂಗಳ ಸಂಜೆ. ಲಿಟಲ್ ಬೆನೆಟ್ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಬಂದ ಅಜ್ಜನನ್ನು ಇನ್ನೂ ಮನೆಯೊಳಗೆ ಬಿಟ್ಟುಕೊಂಡಿಲ್ಲ. ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದಾರೆ. ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಮೊಮ್ಮಗಳು ಮೇಘಾ ಮೊಬೈಲ್ ಟಾರ್ಚ್ ಹಿಡಿದು ಅಜ್ಜನ ಕಾಲು ತಪಾಸಣೆ ಮಾಡುತ್ತಿದ್ದಾಳೆ. ಮೆಟ್ಟಿಲ ಮೇಲೆ ಅಜ್ಜಿ ಹರಿವೆ ಸೊಪ್ಪು ಬಿಡಿಸುತ್ತಿದ್ದಾರೆ.)

ಅಜ್ಜ: ಸಾಗರದಿಂದ ಇಷ್ಟು ದೂರ ಬಂದದ್ದು ಉಣುಗು ಹುಡುಕಿಸಿಕೊಳ್ಳೋಕಾ? ಊರಲ್ಲಿ ದನಕ್ಕೆ ಮಾಡ್ತಿದ್ವಿ ಇದನ್ನ.

ಮೇಘಾ: ಅಲ್ಲಾಡ್ಬೇಡಿ ಅಜ್ಜ. ಹಾಂ, ಸಿಕ್ತು! ಕಾಲುಚೀಲದ ಮೇಲಿತ್ತು, ಕಚ್ಚಿಲ್ಲ. (ಚಿಮಟದಲ್ಲಿ ಹಿಡಿದು ಜಿಪ್‌ಲಾಕ್ ಕವರಿಗೆ ಹಾಕುತ್ತಾಳೆ.)

ಅಜ್ಜ: ಬಿಸಾಕೋದು ಬಿಟ್ಟು ಕಟ್ಟಿಡ್ತೀಯಲ್ಲೇ ಮಾರಾಯ್ತಿ! ಡಾಕ್ಟರ್ ಆಗೋಳು ಮಾಡೋ ಕೆಲಸನಾ ಇದು?

ಮೇಘಾ: ನಾನು ಡಾಕ್ಟರ್ ಆಗ್ತೀನಿ ಅಂದೋರ್ಯಾರು?

ಅಜ್ಜ: ನಾನೇ. ಕಾವೇರಿ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮೊಮ್ಮಗಳು ಏನು ಓದ್ತಾಳೆ ಅಂತ ಕೇಳಿದ್ರು. ಬಯಾಲಜಿ ಅಂದೆ. ‘ಓ, ಡಾಕ್ಟರಾ’ ಅಂದ್ರು. ಹೂಂ ಅಂದುಬಿಟ್ಟೆ. ಇನ್ನು ನೀನು ಆಗದಿದ್ರೆ ನನ್ನ ಮಾತು ಸುಳ್ಳಾಗತ್ತೆ.

ಮೇಘಾ: ಕಾಲೇಜ್ ಪಾರ್ಕಿನ ವಿಶ್ವವಿದ್ಯಾಲಯದಲ್ಲಿ ನನಗೆ ಈಗಷ್ಟೇ ಎರಡನೇ ವರ್ಷ ಮುಗೀತು. ಡಿಗ್ರಿ ನಾಲ್ಕು ವರ್ಷ, ಮೆಡಿಕಲ್ ನಾಲ್ಕು, ಆಮೇಲೆ ರೆಸಿಡೆನ್ಸಿ ಮೂರರಿಂದ ಏಳು.

ಅಜ್ಜ: (ಬೆರಳು ಮಡಚಿ) ಈಗ ಅಡಿಕೆ ಸಸಿ ನೆಟ್ರೂ ಅದಕ್ಕಿಂತ ಮುಂಚೆ ಕೊನೆ ಕೊಯ್ಯಬಹುದು.

ಅಜ್ಜಿ: ಅಡಿಕೆಗೆ ಕೊಳೆ ರೋಗ, ಡಾಕ್ಟರ್ ಓದೋರಿಗೆ ಸಾಲ.

ಮೇಘಾ: ಮೆಡಿಕಲ್ ಸೇರೋಕೂ ಮೊದಲು ಎಂಕ್ಯಾಟ್ ಪರೀಕ್ಷೆ ಬರೀಬೇಕು. ಏಳೂವರೆ ಗಂಟೆ ಕೂರಿಸ್ತಾರೆ. ಪೂರ್ತಿ ಅಂಕ 528, ತೀರಾ ಕಡಿಮೆ ಅಂದ್ರೆ 472.

ಅಜ್ಜ: ತೀರಾ ದಡ್ಡನಿಗೂ 472? ನಮ್ಮ ಕಾಲದಲ್ಲಿ ಹೀಗಿದ್ದಿದ್ರೆ ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ಮುಗೀತಿತ್ತು. ಹೋಗ್ಲಿ, ಡಾಕ್ಟರ್ ಬೇಡ ಅಂದ್ರೆ ಮತ್ತೇನು?

ಮೇಘಾ: ಫಿಸಿಷಿಯನ್ ಅಸಿಸ್ಟೆಂಟ್ ಅಂತಿದೆ. ರೋಗಿ ನೋಡ್ತಾರೆ, ಔಷಧಿ ಬರೆದುಕೊಡ್ತಾರೆ. 1965ರಲ್ಲಿ ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು. ಮೊದಲ ಬ್ಯಾಚಿಗೆ ಸೇರಿದ್ದು ನಾಲ್ಕೇ ಜನ, ನೌಕಾಪಡೆಯಲ್ಲಿ ಗಾಯಾಳುಗಳನ್ನ ನೋಡಿಕೊಂಡು ಬಂದವರು.

ಅಜ್ಜ: ಕಾಂಪೌಂಡರು ಅನ್ನು! ನಮ್ಮೂರ ಕಾಂಪೌಂಡರಿಗೆ ಗೊತ್ತಿದ್ದಷ್ಟು ಡಾಕ್ಟರಿಗೇ ಗೊತ್ತಿರ್ಲಿಲ್ಲ.

ಅಜ್ಜಿ: ನಿಮ್ಮ ಮೂಲವ್ಯಾಧಿಗೆ ಕೆಮ್ಮಿನ ಔಷಧಿ ಕೊಟ್ಟವನೂ ಅವನೇ.

ಮೇಘಾ: ಜೆನೆಟಿಕ್ ಕೌನ್ಸೆಲಿಂಗ್ ಕೂಡ ಇದೆ. ಇಲ್ಲೇ ಬೆಥೆಸ್ಡಾದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ ಕಲಿಸತ್ತೆ. ಬಂದವರ ಹತ್ರ ಮೂರು ತಲೆಮಾರಿನ ವಿವರ ಕೇಳಿ ವಂಶವೃಕ್ಷ ಬರೀಬೇಕು. ಯಾರಿಗೆ ಯಾವ ಕಾಯಿಲೆ, ಎಷ್ಟನೇ ವಯಸ್ಸಿಗೆ ಬಂತು, ಸಂಬಂಧದಲ್ಲೇ ಮದುವೆ ಆಗಿದೆಯಾ...

ಅಜ್ಜಿ: (ಸೊಪ್ಪು ಕೆಳಗಿಟ್ಟು) ಇದಕ್ಕೆ ಸಂಬಳ ಕೊಡ್ತಾರಾ?

ಮೇಘಾ: ಕೊಡ್ತಾರೆ. ಎಂ.ಎಸ್. ಮಾಡಿರ್ಬೇಕು.

ಅಜ್ಜಿ: ಮದುವೆ ಮನೇಲಿ ಒಂದು ಪಂಕ್ತಿ ಊಟ ಏಳೋದ್ರೊಳಗೆ ಐದು ಮನೆಯದ್ದು ಕೇಳಿ ಮುಗಿಸ್ತೀನಿ ನಾನು.

ಮೇಘಾ: ನೀವು ಕೇಳಿದ್ದನ್ನ ಊರಿಗೆಲ್ಲ ಹೇಳ್ತೀರಲ್ಲ ಅಜ್ಜಿ. ಇವರು ಯಾರಿಗೂ ಹೇಳೋ ಹಾಗಿಲ್ಲ.

ಅಜ್ಜಿ: ಯಾರಿಗೂ? ಮತ್ತೆ ಕೇಳೋದ್ಯಾಕೆ?

ಅಜ್ಜ: ಪಟ್ಟಿ ಸಾಕು. ನೀನು ಯಾವುದಕ್ಕೆ ಹೋಗ್ತೀಯ ಹೇಳು.

ಮೇಘಾ: ಗೊತ್ತಿಲ್ಲ. ಈ ರಜೆಗೊಂದು ಕೆಲಸ ಸಿಕ್ಕಿದೆ. ಒಂದು ಬಿಳಿ ಬಟ್ಟೆ, ಅದಕ್ಕೊಂದು ಕೋಲು. ಕಾಡಲ್ಲಿ ಹುಲ್ಲಿನ ಮೇಲೆ ನಿಧಾನಕ್ಕೆ ಎಳ್ಕೊಂಡು ಹೋಗೋದು. ಆಗಾಗ ನಿಂತು, ಬಟ್ಟೆ ಮಗುಚಿ, ಹತ್ತಿಕೊಂಡ ಉಣುಗು ಹೆಕ್ಕಿ ಶೀಸೆಗೆ ಹಾಕೋದು. ಎಲ್ಲಿ ಎಷ್ಟಿದೆ, ಎಷ್ಟರಲ್ಲಿ ರೋಗಾಣು ಇದೆ ಅಂತ ಆಮೇಲೆ ಲ್ಯಾಬಲ್ಲಿ ನೋಡ್ತಾರೆ.

ಅಜ್ಜ: (ನೆಟ್ಟಗೆ ಕೂತು) ಬಿಳಿ ಬಟ್ಟೆನಾ? ಅದನ್ನ ನಾನು ಕಂಡಿದೀನಿ! 1957, ನಾನಾಗ ಎರಡನೇ ಕ್ಲಾಸು. ಸೊರಬದ ಕಡೆ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರು, ಹಿಂದೆಯೇ ಜನಕ್ಕೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದ್ರು. ಆಮೇಲೆ ವರ್ಷಗಟ್ಟಲೆ ಅವರದ್ದೇ ಓಡಾಟ. ಸತ್ತ ಮಂಗ ಎಲ್ಲಾದ್ರೂ ಕಂಡ್ರಾ ಅಂತ ಕೇಳೋರು. ಕಾಡಲ್ಲಿ ಬಟ್ಟೆ ಎಳೆಯೋರು. ನಮ್ಮಪ್ಪ, ‘ಒಗೆಯೋಕೆ ಹೊಳೆ ಇಲ್ವಾ ಇವರಿಗೆ?’ ಅಂತ ನಗೋರು. ನಮ್ಮ ತೋಟದ ಅಂಚಲ್ಲೇ ನಲವತ್ತು ಮಂಗ ಬಿದ್ದಿತ್ತು!

(ಕಳೆದ ವಾರ ಹೇಳಿದಾಗ ಹನ್ನೆರಡು ಮಂಗ ಇದ್ದವು.)

ಮೇಘಾ: ಮಂಗನ ಕಾಯಿಲೆ ಉಣುಗಿನಿಂದ ಹರಡತ್ತೆ ಅಂತ ಪತ್ತೆ ಮಾಡಿದ್ದು ಅವರೇ ಅಜ್ಜ. ಅವರಲ್ಲಿ ಡಾಕ್ಟರೂ ಇದ್ರು, ಪಿ.ಕೆ. ರಾಜಗೋಪಾಲನ್ ಥರದ ಕೀಟಶಾಸ್ತ್ರಜ್ಞರೂ ಇದ್ರು. ಇಲ್ಲಿನ ಲೈಮ್ ಕಾಯಿಲೆ ಬ್ಯಾಕ್ಟೀರಿಯಾವನ್ನ ಉಣುಗಿನ ಕರುಳಲ್ಲಿ ಕಂಡ ವಿಲಿ ಬರ್ಗ್‌ಡಾರ್ಫರ್ ಕೂಡ ಎನ್‌ಐಎಚ್‌ನ ಕೀಟಶಾಸ್ತ್ರಜ್ಞ. ಆ ಬ್ಯಾಕ್ಟೀರಿಯಾಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಅಜ್ಜ: ಒಳ್ಳೇ ಮರ್ಯಾದೆ! ನೋಡು ಮಗು, ಏನು ಬೇಕಾದ್ರೂ ಕಂಡುಹಿಡಿ, ನಮ್ಮ ಮನೆತನದ ಹೆಸರು ಮಾತ್ರ ಇಡಬೇಡ.

ಅಜ್ಜಿ: ಮಂಗನ ಕಾಯಿಲೆಗೆ ಊರ ಹೆಸರಿಡುವಾಗ ಕ್ಯಾಸನೂರಿನವರನ್ನ ಯಾರಾದ್ರೂ ಕೇಳಿದ್ರಾ, ಪಾಪ!

ಅಜ್ಜ: ಊರಲ್ಲಿ ಉಣುಗು ಹತ್ತದ ಹಾಗೆ ಡಿಎಂಪಿ ಎಣ್ಣೆ ಹಚ್ಕೊಂಡೇ ಸೊಪ್ಪಿಗೆ ಹೋಗ್ತಿದ್ವಿ. ನೀನು ಏನು ಹಚ್ತೀಯ?

ಮೇಘಾ: ಡೀಟ್.

ಅಜ್ಜ: ಬಾಟಲಿ ಬೇರೆ, ಉಣುಗು ಅದೇ. ಅಲ್ವೇ, ಇದಕ್ಕೆ ಅಮೆರಿಕಕ್ಕೆ ಬರಬೇಕಿತ್ತಾ?

ಮೇಘಾ: ಇಲ್ಲೂ ಇದೇ ಕಥೆ. ಅಟ್ಲಾಂಟದಲ್ಲಿ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಇರೋದೂ ಸೊಳ್ಳೆ ದೆಸೆಯಿಂದ ಅಜ್ಜ. 1946ರಲ್ಲಿ ಶುರುವಾದಾಗ ಮಲೇರಿಯಾ ಓಡಿಸೋದೇ ಅದರ ಮುಖ್ಯ ಕೆಲಸ. ಮಲೇರಿಯಾ ಇದ್ದದ್ದು ದಕ್ಷಿಣದ ರಾಜ್ಯಗಳಲ್ಲಿ, ಹಾಗಾಗಿ ಆಫೀಸೂ ಅಲ್ಲೇ.

(ಫೋನ್ ಬಡಿದುಕೊಳ್ಳುತ್ತದೆ. ಅಟ್ಲಾಂಟದಲ್ಲಿರುವ ಮೇಘಾಳ ಅತ್ತೆ. ಕನ್ನಡಕ ಒಳಗಿದೆ, ಅಜ್ಜ ಸಿಕ್ಕಿದ್ದನ್ನು ಒತ್ತುತ್ತಾರೆ.)

ಅಜ್ಜ: ಹಲೋ... ಮೇಘಾನಾ? ಕೆಲಸ ಸಿಕ್ಕಿದೆ. ಕಾಡಲ್ಲಿ ಬಟ್ಟೆ ಎಳೆಯೋದು... ಬಟ್ಟೆ, ಬಟ್ಟೆ! ಹೂಂ, ಗಂಟೆ ಲೆಕ್ಕದಲ್ಲಿ ಸಂಬಳ... ಇಲ್ಲ, ತಲೆ ಸರಿಯಾಗೇ ಇದೆ. ದೊಡ್ಡ ವಿಜ್ಞಾನ ಅದು, ನಿನಗೆ ಗೊತ್ತಾಗಲ್ಲ ಬಿಡು.

ಅಜ್ಜಿ: ಇಲ್ಲಿ ಕೊಡಿ. (ಫೋನ್ ಕಿತ್ತುಕೊಂಡು) ನಿನ್ನ ಗಂಡನ ಕಡೆ ಮೂರ್ಛೆ ರೋಗ ಇದ್ದದ್ದು ದೊಡ್ಡಪ್ಪನಿಗೋ, ಅವರ ಮಗನಿಗೋ? ಹೇಳು, ನಾನು ಯಾರಿಗೂ ಹೇಳೋ ಹಾಗಿಲ್ಲ.

ಮೇಘಾ: ಅಜ್ಜೀ, ಸ್ಪೀಕರ್ ಆನ್ ಇದೆ!

ಫೋನಿನಲ್ಲಿ ಗಂಡಸಿನ ದನಿ: ದೊಡ್ಡಪ್ಪನಿಗೆ.