ಎಂಬತ್ತು ಸೆಕೆಂಡಿನ ಕಂಪ್ಯೂಟರ್ ಸೈನ್ಸು

ಕಂಪ್ಯೂಟರ್ ಸೈನ್ಸ್ ಸೀಟೇ ಬೇಕೆಂದು ಹಟ ಹಿಡಿದ ಹುಡುಗನಿಗೆ ಕರ್ನಾಟಕದಲ್ಲಿ ಒಂದು ಪ್ರವೇಶ ಪರೀಕ್ಷೆ ಉಂಟು. ಅದರಲ್ಲಿ ಕಂಪ್ಯೂಟರ್ ಸೈನ್ಸ್ ಇಲ್ಲ. ಈ ಸಂಗತಿಯನ್ನು ರಾಣೆಬೆನ್ನೂರು ಹತ್ತಿರದ ಹಲಗೇರಿಯ ಚಹಾದಂಗಡಿಯಲ್ಲಿ ಬಿಡಿಸಿ ಹೇಳಲು ಹೋಗಿ ಗೆದ್ದು ಬಂದವರನ್ನು ನಾನಂತೂ ಕಂಡಿಲ್ಲ.

“ಕಂಪ್ಯೂಟರ್ ಕಲಿಯಾಕ ಹೊಂಟ ಹುಡುಗಗ ಕಂಪ್ಯೂಟರ್ ಬಗ್ಗೆ ಒಂದೂ ಕೇಳೂದಿಲ್ಲಂದ್ರ, ಮತ್ತೇನ್ ಕೇಳ್ತಾರೋ ತಮ್ಮಾ?”

“ಬೆಂಜೀನ್ ಕೇಳ್ತಾರ್ರಿ ಕಾಕಾ.”

“ಅದ್ಯಾವ ಕಂಪನೀದು?”

ಕಾಕಾನ ಪ್ರಶ್ನೆಗೆ ನಗುವವರು ಮೊದಲು ಅವನ ಹಿಂದಿನ ಪ್ರಶ್ನೆಗೆ ಉತ್ತರ ಕೊಡಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಎಂಜಿನಿಯರಿಂಗ್ ಅಭ್ಯರ್ಥಿಗೆ ಮೂರು ಪತ್ರಿಕೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಒಂದೊಂದರಲ್ಲಿ 60 ಪ್ರಶ್ನೆ, ಒಂದೊಂದಕ್ಕೆ 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ರ‍್ಯಾಂಕಿನಲ್ಲಿ ಅರ್ಧ ಪಾಲು ಇದರದು, ಇನ್ನರ್ಧ ದ್ವಿತೀಯ ಪಿಯುಸಿಯಲ್ಲಿ ಅವೇ ಮೂರು ವಿಷಯಗಳಿಗೆ ಬಂದ ಅಂಕದ್ದು. ಹುಡುಗ ಪಿಯುಸಿಯಲ್ಲಿ ಪಿಸಿಎಂಸಿ ತೆಗೆದುಕೊಂಡು, ಎರಡು ವರ್ಷ ಪೈಥಾನ್ ಬರೆದು, ಡೇಟಾಬೇಸಿನ ಕೋಷ್ಟಕ ಕಟ್ಟಿ, ಕಂಪ್ಯೂಟರ್ ವಿಜ್ಞಾನಕ್ಕೆ ನೂರಕ್ಕೆ ನೂರು ತಂದಿದ್ದರೂ ಆ ನೂರು ರ‍್ಯಾಂಕಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಪಕ್ಕದ ಬೆಂಚಿನಲ್ಲಿ ಕೂತು ಕಪ್ಪೆಯ ಚಿತ್ರ ಬಿಡಿಸಿದವನೂ ಇವನೂ ಒಂದೇ ತಕ್ಕಡಿ. ರಾಜ್ಯದ ಅತಿ ಬೇಡಿಕೆಯ ಕೋರ್ಸಿಗೆ ಆ ಕೋರ್ಸಿನ ಪರಿಚಯವೇ ಅನರ್ಹತೆಯಲ್ಲವಾದರೂ ಅನಗತ್ಯ. ಇಷ್ಟು ಸಮದರ್ಶಿಯಾದ ಸರ್ಕಾರಿ ವ್ಯವಸ್ಥೆ ಬೇರೆಲ್ಲಿದೆ?

ಹಾಗೆಂದು ‘ಕಂಪ್ಯೂಟರ್ ಸೈನ್ಸ್ ತಯಾರಿ’ ನಿಂತಿದೆಯೇ? ರಾಣೆಬೆನ್ನೂರಿನ ಪುಸ್ತಕದಂಗಡಿಗೆ ಮಾರ್ಚಿನಲ್ಲಿ ಹೋಗಿ ನೋಡಿ. ಬಿತ್ತನೆ ಬೀಜಕ್ಕೆ ಹೆಸರಾದ ಈ ಪಟ್ಟಣದಲ್ಲಿ ಜೂನಿಗೆ ಮೊದಲು ಮಾರಾಟವಾಗುವ ಬೀಜವೆಂದರೆ ಪ್ರಶ್ನೆ. ಹತ್ತು ಸಾವಿರ ಪ್ರಶ್ನೆ, ಹದಿನೈದು ಸಾವಿರ ಪ್ರಶ್ನೆ ಎಂದು ಹೊದಿಕೆಯ ಮೇಲೇ ಅಚ್ಚಾಗಿರುತ್ತದೆ. ಪುಸ್ತಕದೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ, ಎಷ್ಟಿದೆ ಎಂದಷ್ಟೇ ಕೇಳುತ್ತಾರೆ. ಅಪ್ಪ ಅದನ್ನು ಕೈಯಲ್ಲಿ ಎತ್ತಿ ನೋಡಿ, ಇನ್ನೊಂದನ್ನು ಎತ್ತಿ ನೋಡಿ, ಭಾರವಾದದ್ದಕ್ಕೆ ದುಡ್ಡು ಕೊಡುತ್ತಾನೆ. ಗೋವಿನಜೋಳ ಮಾರುವಾಗ ತೂಕದಲ್ಲಿ ಮೋಸ ಹೋದವನು ಕೊಳ್ಳುವಾಗಲಾದರೂ ತೂಕ ನೋಡದಿರುತ್ತಾನೆಯೇ?

ಹಿಂದಿನ ಪುಟಗಳಲ್ಲಿ ಉತ್ತರಗಳಿರುತ್ತವೆ. 1-ಬಿ, 2-ಡಿ, 3-ಎ. ಯಾಕೆ ಬಿ ಎಂಬುದಕ್ಕೆ ಜಾಗವಿಲ್ಲ; ಜಾಗ ಕೊಟ್ಟರೆ ಪ್ರಶ್ನೆ ಕಡಿಮೆಯಾಗುತ್ತವೆ, ಪ್ರಶ್ನೆ ಕಡಿಮೆಯಾದರೆ ತೂಕ ಇಳಿಯುತ್ತದೆ. ಒಂದು ಉತ್ತರ ತಪ್ಪು ಅಚ್ಚಾಗಿದ್ದರೆ ಆ ವರ್ಷ ಆ ಪುಸ್ತಕ ಕೊಂಡವರೆಲ್ಲ ತಪ್ಪನ್ನೇ ನಿಷ್ಠೆಯಿಂದ ಬಾಯಿಪಾಠ ಮಾಡಿರುತ್ತಾರೆ. ಆಮೇಲೆ ತರಗತಿಯಲ್ಲಿ ಮೇಷ್ಟ್ರು ಬೇರೆ ಉತ್ತರ ಹೇಳಿದರೆ ಹುಡುಗರು ಅನುಮಾನದಿಂದ ನೋಡುವುದು ಪುಸ್ತಕವನ್ನಲ್ಲ, ಮೇಷ್ಟ್ರನ್ನು.

ಕೋಚಿಂಗಿನಲ್ಲಿ ಇದಕ್ಕೂ ಮೇಲಿನ ವಿದ್ಯೆ ಕಲಿಸುತ್ತಾರೆ. ಪ್ರಶ್ನೆ ಓದಬೇಡಿ, ಆಯ್ಕೆಗಳನ್ನು ಓದಿ. ನಾಲ್ಕರಲ್ಲಿ ಎರಡು ಹುಚ್ಚುಚ್ಚಾಗಿರುತ್ತವೆ, ತೆಗೆದುಹಾಕಿ. ಉಳಿದ ಎರಡರಲ್ಲಿ ಉದ್ದ ಇರುವುದನ್ನು ಹಿಡಿಯಿರಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ವೃತ್ತವನ್ನೂ ಖಾಲಿ ಬಿಡುವುದು ಪಾಪ. ಲೆಕ್ಕ ಹಾಕಿ ನೋಡಿದರೆ 180 ಪ್ರಶ್ನೆಗೂ ಕಣ್ಣು ಮುಚ್ಚಿ ‘ಬಿ’ ಎಂದು ಕಪ್ಪು ಮಾಡಿ ಬಂದವನಿಗೆ ಸುಮಾರು 45 ಅಂಕ ಬರಬೇಕು. ಸಂಭವನೀಯತೆಯ ಪಾಠದಲ್ಲಿ ಹಳ್ಳಿಯ ಹುಡುಗರು ಪೂರ್ತಿ ಅರ್ಥ ಮಾಡಿಕೊಂಡ ಲೆಕ್ಕ ಇದೊಂದೇ. ಮಟಕಾ ಬರೆಯುವವನು ಊರಲ್ಲಿದ್ದರೆ ಇದನ್ನು ಇನ್ನೂ ಚೆನ್ನಾಗಿ ಕಲಿಸುತ್ತಿದ್ದ, ಶುಲ್ಕವೂ ಕಡಿಮೆ ಇರುತ್ತಿತ್ತು.

ಓದುವವರ ಕಥೆ ಹೀಗಾದರೆ ಕೇಳುವವರದು ಇನ್ನೊಂದು. 2024ರ ಏಪ್ರಿಲ್ 18 ಮತ್ತು 19ರಂದು ನಡೆದ ಸಿಇಟಿಯನ್ನು ನೆನಪಿಸಿಕೊಳ್ಳಿ. ಪಠ್ಯದ ಹೊರೆ ಇಳಿಸುತ್ತೇವೆಂದು ಕೆಲವು ಪಾಠಗಳನ್ನು ಪಿಯುಸಿಯಿಂದ ಕೈಬಿಟ್ಟಿದ್ದರು. ಕೈಬಿಟ್ಟ ಸುದ್ದಿ ಉಪನ್ಯಾಸಕರಿಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿತ್ತು, ಮಕ್ಕಳ ಅಜ್ಜಿಯರಿಗೂ ಗೊತ್ತಿತ್ತು. ಪ್ರಶ್ನೆಪತ್ರಿಕೆ ತೆಗೆದವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಓದದ ಪಾಠದ ಪ್ರಶ್ನೆ ನೋಡಿ ಬೆವರಿದರು. ಗದ್ದಲವಾಯಿತು, ತಜ್ಞರ ಸಮಿತಿ ಕೂತಿತು, ಜೀವಶಾಸ್ತ್ರವನ್ನೂ ಸೇರಿಸಿ ನಾಲ್ಕು ವಿಷಯಗಳ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದುಹಾಕಿದರು. ಒಟ್ಟು 240ರಲ್ಲಿ 50! ಐದರಲ್ಲಿ ಒಂದಕ್ಕಿಂತ ಹೆಚ್ಚು. ಹಲಗೇರಿಯ ಹುಡುಗ ಐದರಲ್ಲಿ ಒಂದನ್ನು ಹೊರಗಿನಿಂದ ಬರೆದುಕೊಂಡು ಬಂದಿದ್ದರೆ ಅದಕ್ಕೆ ಬೇರೆ ಹೆಸರಿತ್ತು, ಬೇರೆ ಶಿಕ್ಷೆಯಿತ್ತು.

ಆ 50 ಪ್ರಶ್ನೆಗಳ ಮೇಲೆ ಖರ್ಚಾದ ಸಮಯ ಎಲ್ಲಿ ಹೋಯಿತೆಂದು ಸಮಿತಿ ಹೇಳಲಿಲ್ಲ. ಒಂದಕ್ಕೆ 80 ಸೆಕೆಂಡಿನಂತೆ 4,000 ಸೆಕೆಂಡು, ಒಂದು ಗಂಟೆಯ ಮೇಲೆ ಆರು ನಿಮಿಷ ನಲವತ್ತು ಸೆಕೆಂಡು. ನಿಜವಾಗಿ ಗೊತ್ತಿದ್ದ ಪ್ರಶ್ನೆಯನ್ನು ಬಿಟ್ಟು ಗೊತ್ತಿಲ್ಲದ್ದರ ಜೊತೆ ಗುದ್ದಾಡಿದ ಪ್ರಾಮಾಣಿಕನಿಗೆ ನಷ್ಟ. ‘ಬಿ’ ಎಂದು ಹಚ್ಚಿ ಮುಂದೆ ಹೋದ ಮಟಕಾ ಪಂಡಿತನಿಗೆ ಲಾಭ. ಇದಾದ ಮೇಲೆ ಯಾವ ಅಪ್ಪ ತಾನೇ ಕೈಬಿಟ್ಟ ಪಾಠಗಳಿಲ್ಲದ ತೆಳು ಪುಸ್ತಕ ಕೊಂಡಾನು? ಇಳಿದ ಹೊರೆ ಮರುವರ್ಷವೇ ಪುಸ್ತಕದಂಗಡಿಯ ಮೂಲಕ ಹೆಗಲಿಗೆ ವಾಪಸ್ಸಾಯಿತು.

ಸರ್ಕಾರ ಉಚಿತವಾಗಿ ಏನೂ ಕೊಟ್ಟಿಲ್ಲ ಎನ್ನುವಂತಿಲ್ಲ. 2020ರ ಲಾಕ್‌ಡೌನಿನಲ್ಲಿ ‘ಗೆಟ್‌ಸೆಟ್‌ಗೋ’ ಎಂಬ ಆನ್‌ಲೈನ್ ತರಬೇತಿ ಬಂತು. ಪಾಠ, ಪ್ರಶ್ನೆ, ಅಣಕು ಪರೀಕ್ಷೆ ಎಲ್ಲ ಪುಕ್ಕಟೆ. ಮನೆಯೊಳಗೆ ಸಿಗ್ನಲ್ ಸಿಗದೆ ಮಾಳಿಗೆ ಹತ್ತಿ ಕೂತವನಿಗೆ ಮೊದಲ ಪದವೂ ಸಿಕ್ಕಿತು, ಕೊನೆಯ ಪದವೂ ಸಿಕ್ಕಿತು. ನಡುವಿನ ಸೆಟ್ ಮಾತ್ರ ಸುತ್ತುತ್ತಲೇ ಇತ್ತು.

ಈಗ ಮೊಬೈಲಿನಲ್ಲಿ ರ‍್ಯಾಂಕ್ ಹೇಳುವ ಆ್ಯಪುಗಳು ಬಂದಿವೆ. ಅಂಕ ಹಾಕಿದರೆ ರ‍್ಯಾಂಕು, ರ‍್ಯಾಂಕು ಹಾಕಿದರೆ ಕಾಲೇಜು, ಫೋನ್ ನಂಬರು ಹಾಕಿದರೆ ರಾತ್ರಿ ಹತ್ತರವರೆಗೆ ಮ್ಯಾನೇಜ್‌ಮೆಂಟ್ ಸೀಟಿನವರ ಕರೆ. ಗಿಳಿಶಾಸ್ತ್ರದವನಾದರೂ ಎಲೆ ತೆಗೆದ ಮೇಲೆ ಗಿಳಿಯನ್ನು ಪಂಜರಕ್ಕೆ ಹಾಕಿಕೊಂಡು ಹೋಗುತ್ತಿದ್ದ.

ಆದರೆ ಯಾವ ಪ್ರಶ್ನೆ ಪುಸ್ತಕದಲ್ಲೂ ಇಲ್ಲದ, ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಬೇರೆಯೇ ಇದೆ. ಮಾದರಿ ಪ್ರಶ್ನೆಪತ್ರಿಕೆ ತೆಗೆಯುವ ಅಧಿಕಾರ ನನಗೆ ಕೊಟ್ಟರೆ ಮೊದಲ ಪ್ರಶ್ನೆ ಹೀಗಿರುತ್ತದೆ: ಹಲಗೇರಿಯ ಒಬ್ಬ ತಂದೆ ಮಗನಿಗೆ ಒಳ್ಳೆಯದಾಗಲಿ ಎಂದು ಊರ ಕನ್ನಡ ಶಾಲೆ ಬಿಡಿಸಿ, ಹಳದಿ ವ್ಯಾನು ಹತ್ತಿಸಿ, ರಾಣೆಬೆನ್ನೂರಿನ ಇಂಗ್ಲಿಷ್ ಶಾಲೆಗೆ ಹಾಕಿದನು. ಹಾಗಾದರೆ ಹನ್ನೆರಡು ವರ್ಷಗಳ ನಂತರ ಅವನಿಗಾದ ನಷ್ಟವೆಷ್ಟು?

ಸರಿಯುತ್ತರ: ಶೇ 15 ಮತ್ತು ಶೇ 5. ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿಯಲ್ಲೇ ಓದಿದವರಿಗೆ ಶೇ 15ರ ಗ್ರಾಮೀಣ ಮೀಸಲು, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲು. ಮಗ ದಿನಾ ಹಲಗೇರಿಯಲ್ಲೇ ಮಲಗಿ ಎದ್ದಿದ್ದಾನೆ, ಹಲಗೇರಿಯ ನೀರನ್ನೇ ಕುಡಿದಿದ್ದಾನೆ, ಹೊಲದಲ್ಲಿ ಕಳೆ ಕಿತ್ತಿದ್ದಾನೆ. ದಾಖಲೆಯ ಪ್ರಕಾರ ಮಾತ್ರ ಅವನು ನಗರವಾಸಿ. ವ್ಯಾನಿನ ಬಾಡಿಗೆ ಹತ್ತು ವರ್ಷ ಕಟ್ಟಿ ಅಪ್ಪ ಕೊಂಡದ್ದು ಈ ಪೌರತ್ವವನ್ನು. “ಇದನ್ನ ಮೊದ್ಲ ಯಾರರ ಹೇಳಬಾರ್ದಿತ್ತೇನ್ರೀ?” ಎಂದು ಅವನು ಕೇಳಿದರೆ ಹೇಳುವವರಾರು? ಊರ ಶಾಲೆ ಮೇಷ್ಟ್ರು ಹೇಳಬಹುದಿತ್ತು. ಅವರ ಮಗನೂ ಅದೇ ವ್ಯಾನಿನಲ್ಲಿ ಹೋಗುತ್ತಿದ್ದ.

ಮೀಸಲಾತಿಯ ಸಂಕೇತಗಳೇ ಒಂದು ಪ್ರೋಗ್ರಾಮಿಂಗ್ ಪಾಠ. ಜಿಎಂಆರ್, 2ಎಕೆ, 3ಬಿಆರ್ ಎಂಬ ಅಕ್ಷರ-ಅಂಕಿಗಳ ಸಾಲನ್ನು ಕಟಾಫ್ ಪಟ್ಟಿಯಲ್ಲಿ ಬೆರಳಿಟ್ಟು ಓದುವ ಹೊತ್ತಿಗೆ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅಪ್ಪ ಮಗನಿಗಿಂತ ಮೊದಲೇ ಕಂಪ್ಯೂಟರ್ ಸೈನ್ಸ್ ಪಾಸಾಗಿರುತ್ತಾನೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಅವನಿಗೆ ಬಾಯಿಪಾಠ. ನಾಡಕಚೇರಿಯಲ್ಲಿ ಸರ್ವರ್ ಡೌನ್ ಎಂದರೇನೆಂದು ಅವನಿಗೆ ಗೊತ್ತಿರುವಷ್ಟು ಬೆಂಗಳೂರಿನ ಯಾವ ಎಂಜಿನಿಯರಿಗೂ ಗೊತ್ತಿಲ್ಲ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದವನು ಇ-ಟೆಂಡರ್ ಎಂಬುದನ್ನೂ ಕಂಡಿದ್ದಾನೆ. ಚೀಲ ಕಣ್ಣೆದುರಿಗೇ ಇರುತ್ತದೆ, ದರ ಮಾತ್ರ ಎಲ್ಲೋ ಪರದೆಯ ಮೇಲೆ ಮೂಡುತ್ತದೆ. 2024ರ ಮಾರ್ಚ್ 11ರಂದು ಆ ದರ ಕುಸಿದಾಗ ಸಿಟ್ಟಿಗೆದ್ದ ಜನ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ಗಣಕ ವ್ಯವಸ್ಥೆಯೊಂದು ಜನರ ಬದುಕಿನಲ್ಲಿ ಏನು ಮಾಡಬಲ್ಲದು ಎಂಬ ಬಗ್ಗೆ ಈ ಸೀಮೆಯಲ್ಲಿ ಕೇಳಬಹುದಾದ ಪ್ರಶ್ನೆಗಳು ಬೇಕಾದಷ್ಟಿವೆ. 80 ಸೆಕೆಂಡಿನಲ್ಲಿ ಉತ್ತರಿಸುವಂಥವಲ್ಲ, ನಾಲ್ಕು ಆಯ್ಕೆಯಲ್ಲಿ ಮುಗಿಯುವಂಥವೂ ಅಲ್ಲ. ಆದ್ದರಿಂದ ಕೇಳುವುದಿಲ್ಲ.

ನಾಲ್ಕು ಆಯ್ಕೆಯ ಪ್ರಶ್ನೆ ಪರೀಕ್ಷೆಯೊಂದಿಗೆ ಮುಗಿಯಿತು ಎಂದುಕೊಂಡವನಿಗೆ ಸೀಟು ಹಂಚಿಕೆಯಲ್ಲಿ ಅಸಲು ಪ್ರಶ್ನೆ ಎದುರಾಗುತ್ತದೆ. ಮೊದಲ ಆಯ್ಕೆ: ಸಿಕ್ಕ ಸೀಟು ಒಪ್ಪಿದೆ, ಸೇರುತ್ತೇನೆ. ಎರಡನೆಯದು: ಒಪ್ಪಿದೆ, ಆದರೆ ಮೇಲಿನದು ಸಿಕ್ಕೀತೇ ನೋಡುತ್ತೇನೆ. ಮೂರನೆಯದು: ಒಪ್ಪಿಲ್ಲ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು: ಸಾಕು, ಹೊರಟೆ. ಹದಿನೈದು ಸಾವಿರ ಪ್ರಶ್ನೆ ಬಿಡಿಸಿದ ಹುಡುಗ ಇಲ್ಲಿ ಕಂಗಾಲು. ಇದಕ್ಕೆ ಕೀ ಉತ್ತರ ಯಾವ ಪುಟದಲ್ಲೂ ಇಲ್ಲ, ಹುಚ್ಚುಚ್ಚಾದ ಎರಡನ್ನು ತೆಗೆದುಹಾಕೋಣವೆಂದರೆ ನಾಲ್ಕೂ ಹಾಗೇ ಕಾಣುತ್ತವೆ. ಕೊನೆಗೆ ಸೈಬರ್ ಕೆಫೆಯ ಹುಡುಗ ಮೌಸ್ ಹಿಡಿದು “ಎರಡು ಒತ್ತಲೇನ್ರಿ?” ಎನ್ನುತ್ತಾನೆ. ಅಪ್ಪ ಹೂಂ ಎನ್ನುತ್ತಾನೆ. ಒಂದು ಮನೆತನದ ಮುಂದಿನ ನಾಲ್ಕು ವರ್ಷದ ಸಾಲ ಆ ಒಂದು ಕ್ಲಿಕ್ಕಿಗೆ ಗಂಟುಬೀಳುತ್ತದೆ.

ಸೀಟಿಗೇನು ಬರವಿಲ್ಲ. 2024-25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ), ಸಾಧನೆ ಚೆನ್ನಾಗಿರುವ ಕಾಲೇಜುಗಳಿಗೆ ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂಬ ಮಿತಿ ತೆಗೆದುಹಾಕಿದ ಮೇಲೆ ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಹುಲುಸಾಗಿ ಬೆಳೆಯಿತು. ಅಷ್ಟೂ ಒಂದೇ ಹೆಸರಿನಲ್ಲಿದ್ದರೆ ಚೆನ್ನಾಗಿರುವುದಿಲ್ಲವೆಂದು ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಕವಲೊಡೆಯಿತು. ಹಲಗೇರಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರಬಹುದಾದಷ್ಟು ಹತ್ತಿರದಲ್ಲಿ ರಾಣೆಬೆನ್ನೂರಿನ ತರಳಬಾಳು ಜಗದ್ಗುರು ತಾಂತ್ರಿಕ ವಿದ್ಯಾಲಯ ಇದೆ. 1980ರದು, ಅಂದರೆ 1997ರಲ್ಲಿ ಹುಟ್ಟಿದ ಹಾವೇರಿ ಜಿಲ್ಲೆಗಿಂತ ಹದಿನೇಳು ವರ್ಷ ಹಿರಿಯದು. ಹಾವೇರಿ ಪಕ್ಕದ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೇ ಇದೆ. ಆದರೆ ಆಯ್ಕೆ ಪಟ್ಟಿಯಲ್ಲಿ ಇವುಗಳ ಸರದಿ ಬೆಂಗಳೂರಿನ ಎಪ್ಪತ್ತು ಹೆಸರು ಮುಗಿದ ಮೇಲೆ. ಹತ್ತಿರದ ಕಾಲೇಜಿಗೆ ಹೋದರೆ ಪಿಜಿ ಬಾಡಿಗೆ ಇಲ್ಲ, ಮೆಸ್ಸಿನ ಅನ್ನವಿಲ್ಲ, ಊರಿಗೆ ಬಂದಾಗ “ಬೆಂಗಳೂರಾಗ ಇರ್ತಾನ್ರಿ” ಎನ್ನುವ ಅವಕಾಶವೂ ಇಲ್ಲ. ಮೂರನೆಯ ಕಾರಣವೇ ಗೆಲ್ಲುತ್ತದೆ.

ನಿಜವಾದ ಕಂಪ್ಯೂಟರ್ ಸೈನ್ಸ್ ಪ್ರಶ್ನೆಗಳು ಇಲ್ಲವೇ ಇಲ್ಲ ಎಂದಲ್ಲ. ಬಿಇ ಓದಿದವರಿಗೆ ಗೇಟ್ ಎಂಬ ಪರೀಕ್ಷೆ ಇದೆ: 65 ಪ್ರಶ್ನೆ, 100 ಅಂಕ, ಮೂರು ಗಂಟೆ. ಆಪರೇಟಿಂಗ್ ಸಿಸ್ಟಮ್, ಅಲ್ಗಾರಿದಮ್, ಕಂಪೈಲರ್ ಎಲ್ಲ ಕೇಳುತ್ತಾರೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ ಅಂಕವನ್ನೂ ಕೀಳುತ್ತಾರೆ. ಒಳಗೆ ಬರುವಾಗ ಕೇಳದೆ ನಾಲ್ಕು ವರ್ಷ ಕೂಡಿಸಿಕೊಂಡು ಹೊರಗೆ ಹೋಗುವಾಗ “ನಿನಗಿದು ಬರುತ್ತದೆಯೇ” ಎಂದು ಕೇಳುವ ಸೌಜನ್ಯ ನಮ್ಮ ಶಿಕ್ಷಣಕ್ಕಿದೆ. ‘ಬಿ’ ಎಂದು ಹಚ್ಚುವ ವಿದ್ಯೆ ಅಲ್ಲಿ ನಡೆಯುವುದಿಲ್ಲ ಎಂಬುದು ಗೊತ್ತಾಗುವ ಹೊತ್ತಿಗೆ ಸಾಲದ ಮೊದಲ ಕಂತು ಬಂದಿರುತ್ತದೆ.

ಹಿಂದಿನ ವರ್ಷಗಳ ಸಿಇಟಿ ಪ್ರಶ್ನೆಪತ್ರಿಕೆಗಳನ್ನೂ ಕೀ ಉತ್ತರಗಳನ್ನೂ ಪರೀಕ್ಷಾ ಪ್ರಾಧಿಕಾರವೇ ತನ್ನ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದೆ. ತೂಕವಿಲ್ಲದ ಕಾರಣ ಅವಕ್ಕೆ ಗಿರಾಕಿ ಕಡಿಮೆ. ಅವನ್ನು ಇಳಿಸಿಕೊಂಡು ಬಿಡಿಸಲು ಹುಡುಗನಿಗೆ ಹೇಳಿ. ಮತ್ತು ಈ ಅಂಕಣ ಓದುವವರ ಮನೆಯಲ್ಲಿ ಹಳ್ಳಿ ಶಾಲೆಯಲ್ಲಿ ಓದಿದ ಮಗುವೇನಾದರೂ ಈ ಸಲ ಸಿಇಟಿ ಬರೆಯುತ್ತಿದ್ದರೆ, ಒಂದರಿಂದ ಹತ್ತರವರೆಗಿನ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಬಿಇಒ ಸಾಹೇಬರ ಮೇಲುಸಹಿಯೂ ಬೇಕು. ಕೊನೆಯ ವಾರಕ್ಕೆ ಬಿಡಬೇಡಿ. ಆ ವಾರ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ.