ರಥಕ್ಕೆ ನೋಟು, ನನಗೆ ಧೂಳು

ಗೋಪುರದ ನೆರಳೂ ಬಿಸಿಲಿಗೆ ಹೆದರಿ ಬುಡಕ್ಕೆ ಮುದುಡಿದ್ದ ಮಧ್ಯಾಹ್ನ ಅಂಕಣಕಾರರು ಹಂಪಿಯ ಬಸ್ ನಿಲ್ದಾಣವನ್ನು ಮಾತಾಡಿಸಲು ಹೋದರು. ‘ನಿನ್ನನ್ನು ಪ್ರಯಾಣಿಕರ ಹಬ್ ಮಾಡಿದರೆ?’ ಎಂದೊಡನೆ ಅದು ಕೆಮ್ಮಿತು. ಧೂಳೋ ವ್ಯಂಗ್ಯವೋ ತಿಳಿಯಲಿಲ್ಲ.

“ಹಬ್ ಆಮ್ಯಾಲೆ. ಮೊದಲು ಆ ಕಲ್ಲಿನ ರಥದ್ದು ಬರ್ಕೊಳ್ರಿ. 2017ರಿಂದ 50 ರೂಪಾಯಿ ನೋಟಿನ ಮ್ಯಾಲೆ ಕುಂತೈತಿ. ಒಂದು ಗೇಣು ಉರುಳಂಗಿಲ್ಲ! ಹೊಸಪ್ಯಾಟಿಯಿಂದ 13 ಕಿ.ಮೀ. ಮಂದಿನ್ನ ಹೊತ್ತು ತರೋ ಬಸ್ಸಿಗೆ ಹಗಲೆಲ್ಲಾ ಜಾಗ ಕೊಡಾದು ನಾನು. ಆ ರಥ ನೋಡಾಕೆ ಹೋಗೋರಿಗೆ ಗೆಜ್ಜಲ ಮಂಟಪದಿಂದ ಬ್ಯಾಟರಿ ಗಾಡಿ ಬ್ಯಾರೆ.”

ನೀರು, ಶೌಚಾಲಯ?

“ಅದಿರಲಿ. ರಥದ ಮುಂದೆ ಈಗ ಆನಿ ಅದಾವಲ್ಲ, ಮೊದಲು ಕುದುರಿ ಇದ್ದುವಂತ. ಎಳಿಯೋರು ಬದಲಾದ್ರೂ ಅದು ಕದಲಲಿಲ್ಲ.”

ಕೂರಲು ಏನಿದೆ ಎಂದು ಅಂಕಣಕಾರರು ಕೇಳಿದರು. ಇದು ಅವರ ಹಳೇ ಹುಚ್ಚು. ಯಾವ ಊರಲ್ಲಿ ಇಳಿದರೂ ಮೊದಲು ಕಟ್ಟೆ ಹುಡುಕುತ್ತಾರೆ. ಜಾರುವ ಉಕ್ಕಿನ ಕುರ್ಚಿ ಕಂಡುಹಿಡಿದವನನ್ನು ಅದರ ಮೇಲೇ ಮೂರು ತಾಸು ಕೂರಿಸಬೇಕೆಂಬುದು ಅವರ ವಾದ. ಗಂಟು ಇಡಲು ಅಗಲ, ಕಾಲು ಮಡಚಲು ಜಾಗ, ತಲೆಯ ಮೇಲೆ ನೆರಳು: ಬೀದಿಯ ಎರಡೂ ಬದಿಗೆ ಸಾಲುಮಂಟಪ ಕಟ್ಟಿದ ಊರಿಗೆ ಇದನ್ನು ಹೇಳಿಕೊಡಬೇಕೇ ಎಂದು ಅವರೇ ಭಾಷಣಕ್ಕಿಳಿದರು.

“ಮುಗೀತೇನ್ರಿ?” ಎಂದಿತು ನಿಲ್ದಾಣ.

ಕಟ್ಟುವ ಮಾತೆತ್ತಿದರೆ ಇಲ್ಲಿ ಎಲ್ಲರಿಗೂ ನಡುಕ. ಹೊಸ ಸೇತುವೆಗಳ ನಿರ್ಮಾಣದ ದೆಸೆಯಿಂದಲೇ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದ ಪಟ್ಟಿ ಸೇರಿ, 2006ರಲ್ಲಿ ಹೊರಬಂತು. 2009ರಲ್ಲಿ ಅವುಗಳಲ್ಲೊಂದಾದ ಆನೆಗೊಂದಿಯ ಸೇತುವೆಯೇ ಕುಸಿಯಿತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಆದರೆ ಹೊಂಗೆ ಮರದ ನೆರಳಿಗೂ ಕೊನೇ ಬಸ್ಸಿನ ಹೊತ್ತು ಬರೆದ ಒಂದು ಹಲಗೆಗೂ ಗಾಜಿನ ಗುಮ್ಮಟ ಬೇಕಿಲ್ಲ. ಕಾರು, ಟೂರಿಸ್ಟ್ ಬಸ್ಸುಗಳನ್ನು ದೂರದಲ್ಲೇ ತಡೆದರೆ ಗುಡಿಯ ಬಳಿ ಸಣ್ಣ ತಂಗುದಾಣ ಸಾಕು. ಊರಾಚೆಯ ಕಡ್ಡಿರಾಂಪುರದ ಕಡೆ ತಡೆಯಬಹುದಲ್ಲ ಎಂದರು ಅಂಕಣಕಾರರು.

ನಿಲ್ದಾಣ ರಥವನ್ನು ಮರೆತುಬಿಟ್ಟಿತು.

“ಕಡ್ಡಿರಾಂಪುರ ಅಂದ್ರೇನ್ರಿ? ಅಲ್ಲಿಗೆ ಯಾರನ್ನ ಕಳಿಸಿದ್ರು ಗೊತ್ತೈತೇನು? 2011ರ ಜುಲೈದಾಗ ಬಜಾರಿನ ಮಂಟಪದಾಗಿದ್ದ ಸಂಸಾರಗಳ ಮ್ಯಾಲೆ ಜೆಸಿಬಿ ಹರಿಸಿದ್ರು. ಬಸ್ಸಿಳಿದೋರಿಗೆ ನೀರು ಕೊಡ್ತಿದ್ದೋರು ಅವ್ರು. ಬಸ್ ತಪ್ಪಿದೋರಿಗೆ ಚಾಪಿ ಹಾಸ್ತಿದ್ದೋರು ಅವ್ರು. ಅವ್ರೇ ಇದ್ದರಲ್ರಿ ನಿಮ್ಮ ಹಬ್ಬು! ಎಬ್ಬಿಸಿ ಕಳಿಸಿ, ಈಗ ನಕ್ಷಾ ಹಿಡ್ಕೊಂಡು ಬಂದು ಸೌಲಭ್ಯ ಇಲ್ಲ ಅಂತೀರಿ.”

ಅಂಕಣಕಾರರ ಪೆನ್ನು ನಿಂತಿತು. ಕಟ್ಟೆಯ ಮಾತು ಮತ್ತೆ ಎತ್ತುವ ಧೈರ್ಯ ಬರಲಿಲ್ಲ.

ಹೊಸಪೇಟೆಗೆ ಕೊನೇ ಬಸ್ಸು ಎಷ್ಟಕ್ಕೆ ಎಂದಷ್ಟೇ ಕೇಳಿದರು.

“ಕಂಡಕ್ಟರ್ನ ಕೇಳ್ರಿ,” ಎಂದಿತು ನಿಲ್ದಾಣ.