ಸೀ ಅರ್ಚಿನ್ ವಿವಾಹ ಮೀಮಾಂಸೆ

ಮೈತುಂಬ ಮುಳ್ಳು ಹೊತ್ತ ಸೀ ಅರ್ಚಿನ್‌ಗಳಲ್ಲಿ ಬೀಗರು ಮುಖ ನೋಡಿಕೊಳ್ಳುವ ಪದ್ಧತಿಯಿಲ್ಲ. ಹೆಣ್ಣು ಲಕ್ಷಗಟ್ಟಲೆ ತತ್ತಿಗಳನ್ನೂ ಗಂಡು ಕೋಟಿಗಟ್ಟಲೆ ವೀರ್ಯಾಣುಗಳನ್ನೂ ಕಡಲಿಗೆ ಬಿಟ್ಟು ಕೈತೊಳೆದುಕೊಳ್ಳುತ್ತವೆ. ಕೈಯಿಲ್ಲದ ಪ್ರಾಣಿಗೆ ಇದು ಹೇಗೆ ಸಾಧ್ಯವೆಂಬ ಪ್ರಶ್ನೆ ಪ್ರಸ್ತುತ ಮೀಮಾಂಸೆಯ ವ್ಯಾಪ್ತಿಗೆ ಬರುವುದಿಲ್ಲ.

ತತ್ತಿಯ ವ್ಯಾಸ ಸುಮಾರು 0.1 ಮಿಲಿಮೀಟರ್. ಅದನ್ನು ಸುತ್ತುವರಿದ ಲೋಳೆಯಿಂದ ಹೊರಡುವ ಪೆಪ್ಟೈಡ್‌ಗಳೇ ಲಗ್ನಪತ್ರಿಕೆ. ಅರ್ಬೇಸಿಯಾ ಮನೆತನದ ಪತ್ರಿಕೆಯ ಹೆಸರು ರಿಸಾಕ್ಟ್. ಅದು 14 ಅಮೈನೋ ಆಮ್ಲಗಳಲ್ಲಿ ಮುಗಿಯುತ್ತದೆ. ಮನುಷ್ಯರ ಪತ್ರಿಕೆಯಲ್ಲಿ ಅಷ್ಟು ಜಾಗ ಸೋದರಮಾವನ ಪದವಿಗಳಿಗೇ ಸಾಲದು.

ಲೋಳೆ ತಾಗಿದೊಡನೆ ವೀರ್ಯಾಣುವಿನ ನೆತ್ತಿಯ ಅಕ್ರೋಸೋಮ್ ಚೀಲ ಒಡೆದು, ಆಕ್ಟಿನ್ ಎಳೆಗಳ ಸೂಜಿಯೊಂದು ಮುಂದಕ್ಕೆ ಚಾಚುತ್ತದೆ. ಅದಕ್ಕೆ ಮೆತ್ತಿದ ಬೈಂಡಿನ್ ಎಂಬ ಪ್ರೋಟೀನಿನಿಂದಲೇ ಗೋತ್ರಪರೀಕ್ಷೆ. ಮನುಷ್ಯರಲ್ಲಿ ಸಗೋತ್ರ ನಿಷಿದ್ಧ. ಇಲ್ಲಿ ಸಗೋತ್ರವೇ ಕಡ್ಡಾಯ. ಅನ್ಯ ಪ್ರಭೇದದ ಬೈಂಡಿನ್ ಸಾಮಾನ್ಯವಾಗಿ ಅಂಟುವುದಿಲ್ಲ.

ಇಲ್ಲೊಂದು ಪೂರ್ವಪಕ್ಷ: ವರರು ಸಾವಿರಾರು, ವಧು ಒಬ್ಬಳೇ, ಇಬ್ಬರು ಒಳಹೊಕ್ಕರೆ ಗತಿಯೇನು? ವರ್ಣತಂತುಗಳ ಲೆಕ್ಕ ತಪ್ಪಿ ಭ್ರೂಣ ಕೆಡುತ್ತದೆ. ಸಿದ್ಧಾಂತ: ಆದ್ದರಿಂದ ಬಾಗಿಲು ಎರಡು ಸಲ ಹಾಕತಕ್ಕದ್ದು. ಮೊದಲ ಚಿಲಕ ವಿದ್ಯುತ್ತಿನದು. ಪೊರೆಯ ವಿಭವ ಮೈನಸ್ 70 ಮಿಲಿವೋಲ್ಟ್‌ನ ಆಸುಪಾಸಿನಿಂದ ಒಂದೆರಡು ಸೆಕೆಂಡಿನಲ್ಲಿ ಸೊನ್ನೆ ದಾಟಿ ಪ್ಲಸ್‌ಗೆ ಏರುತ್ತದೆ. ಇದನ್ನು 1976ರಲ್ಲಿ ತೋರಿಸಿಕೊಟ್ಟವರು ಲಾರಿಂಡಾ ಜಾಫೆ. ಆದರೆ ಈ ಚಿಲಕ ನಿಲ್ಲುವುದು ನಿಮಿಷದ ಮಟ್ಟಿಗೆ.

ಅಷ್ಟರೊಳಗೆ, ವರ ಹೊಕ್ಕ ಜಾಗದಿಂದ ಎದ್ದ ಕ್ಯಾಲ್ಸಿಯಂ ಅಲೆ ತತ್ತಿಯ ಆಚೆ ತುದಿ ಮುಟ್ಟುತ್ತದೆ. ಅಂಚಿನಲ್ಲಿ ಕಾದಿದ್ದ ಸುಮಾರು 15,000 ಕಣಗಳು ಸಾಲಾಗಿ ಒಡೆದು ತತ್ತಿಯ ಹೊರಪೊರೆಯನ್ನು ಮೇಲೆತ್ತುತ್ತವೆ. ಇದೇ ಎರಡನೆಯ ಚಿಲಕ. ಸೂಕ್ಷ್ಮದರ್ಶಕದಲ್ಲಿ ಮೊದಲು ಕಾಣುವುದು ಒಂದು ಬದಿಯ ಸಣ್ಣ ಉಬ್ಬು. ನೋಡನೋಡುತ್ತ ಅದು ಸುತ್ತಲೂ ಹರಡಿ ತತ್ತಿಗೆ ತಿಳಿಯಾದ ಬಳೆ ತೊಡಿಸುತ್ತದೆ. ತಡವಾಗಿ ಬಂದ ವರರು ಬಳೆಯಾಚೆ ಬಾಲ ಬಡಿಯುತ್ತ ಉಳಿಯುತ್ತಾರೆ, ಊಟಕ್ಕೂ ಏಳಿಸುವವರಿಲ್ಲ. ತತ್ತಿ ತಾನೇ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸಿ ಈ ಪೊರೆಯನ್ನು ಗಟ್ಟಿ ಮಾಡಿಕೊಳ್ಳುತ್ತದೆ.

ಒಳಗೆ ಎರಡು ಕೋಶಕೇಂದ್ರಗಳು ಕೂಡುತ್ತವೆ. ಮೆಡಿಟರೇನಿಯನ್ ತೀರದ ಅರ್ಚಿನ್‌ನಲ್ಲಿ ಇದನ್ನು ಕಂಡು 1876ರಲ್ಲಿ ಪ್ರಕಟಿಸಿದ ಆಸ್ಕರ್ ಹರ್ಟ್‌ವಿಗ್ ಅವರನ್ನು ಈ ಮದುವೆಯ ಪ್ರಥಮ ಸಾಕ್ಷಿಗಳಲ್ಲಿ ಎಣಿಸಬೇಕು. ಗಂಟೆ, ಒಂದೂವರೆ ಗಂಟೆಯಲ್ಲಿ ತತ್ತಿ ಎರಡಾಗಿ ಸೀಳುತ್ತದೆ.

ಅಪವಾದವೂ ಉಂಟು. 1899ರಲ್ಲಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಜಾಕ್ ಲೋಬ್, ಕಡಲ ನೀರಿನ ಉಪ್ಪಿನ ಪ್ರಮಾಣ ಬದಲಿಸಿ, ವರನೇ ಇಲ್ಲದೆ ತತ್ತಿಗಳನ್ನು ಮರಿಹುಳುಗಳಾಗಿಸಿದರು. ಗಂಡಿನ ಕಡೆಯವರು ಆಕ್ಷೇಪಣೆ ಸಲ್ಲಿಸಿದ ದಾಖಲೆಯಿಲ್ಲ.